ಬಾವುಟ ಆಗಲೇ ಇಲ್ಲಿಗೆ ಬಂದಾಗಿದೆ

ಗೌರವಾನ್ವಿತ ವೆನಿಯಾಮಿನ್ ಲುಕಿಚ್ ಅವರಿಗೆ,
ನಿವೃತ್ತ ಎರಡನೇ ದರ್ಜೆಯ ಕಪ್ತಾನರು, ಕಾಲುವೆ ದಂಡೆಯ ಬಿರುಕುಮನೆ, ಕ್ರೋನ್‌ಷ್ಟಾಟ್.

ಇಷ್ಟೊಂದು ಗೌರವ ಕಂಡಾಗಲೇ ನಿನಗೆ ಗೊತ್ತಾಗಿರುತ್ತದೆ, ವೇನ್ಯಾ, ನನಗೆ ಎಷ್ಟು ಸಿಟ್ಟು ಬಂದಿದೆ ಎಂದು. ಇಷ್ಟು ವರ್ಷದ ಸಂಸಾರದಲ್ಲಿ ನಿನ್ನನ್ನು ಅಪ್ಪನ ಹೆಸರು ಸೇರಿಸಿ ಕರೆದದ್ದು ಎರಡೇ ಸಲ. ಒಮ್ಮೆ, ನನ್ನ ಹೊಲಿಗೆ ಯಂತ್ರಕ್ಕೆ ನೀನು ಹಡಗಿನ ಎಂಜಿನ್ನಿನ ಎಣ್ಣೆ ಹುಯ್ದಾಗ. ಇನ್ನೊಮ್ಮೆ, ಮಗಳ ಮದುವೆಯ ಊಟದಲ್ಲಿ ಚೆಸ್ಮಾ ಯುದ್ಧವನ್ನು ಬೀಗರಿಗೆ ಪಾತ್ರೆ ಪಡಗದಲ್ಲಿ ಆಡಿ ತೋರಿಸಲು ಹೋಗಿ, ತುರ್ಕರ ಹಡಗಾಗಿದ್ದ ಸಾಸಿವೆ ಬಟ್ಟಲನ್ನು ಬೀಗಿತ್ತಿಯ ಮಡಿಲಲ್ಲಿ ಮುಳುಗಿಸಿದಾಗ. ಪಾಪ, ಆಕೆಯದು ತಿಳಿನೀಲಿ ರೇಷ್ಮೆಯ ಉಡುಪು. ಅದಕ್ಕೇ ನಿನಗೆ ಸಮುದ್ರ ಅನ್ನಿಸಿತೋ ಏನೋ. ಈಗ ಮೂರನೆಯ ಸಲ ಕರೆದಿದ್ದೇನೆ. ಇದರ ಮುಂದೆ ಅವೆರಡೂ ಮಕ್ಕಳಾಟ.

ಭಾನುವಾರದ ಜಗಳದ ನಂತರ ನೀನು ಫೋನು ಆರಿಸಿಟ್ಟಿದ್ದೀಯ. ಅದಕ್ಕೆ ನಿನ್ನ ಭಾಷೆಯಲ್ಲಿ ‘ರೇಡಿಯೊ ಮೌನ’ ಅನ್ನುತ್ತಾರೆ, ನನ್ನ ಭಾಷೆಯಲ್ಲಿ ಮುನಿಸು ಅನ್ನುತ್ತಾರೆ. ಸರಿ, ಕಾಗದಕ್ಕೆ ಸ್ವಿಚ್ಚಿಲ್ಲ. ಅಂಚೆಯವಳು ಬಾಗಿಲ ಸಂದಿನಲ್ಲಿ ತುರುಕಿಹೋದರೆ ನೀನು ಎತ್ತಿಕೊಳ್ಳಲೇಬೇಕು. ನೆಲದ ಮೇಲೆ ಕಾಗದ ಬಿದ್ದಿರುವುದನ್ನು ಸಹಿಸುವ ಜನ್ಮ ನಿನ್ನದಲ್ಲ.

ಮೊದಲು ಪರಿಸ್ಥಿತಿಯನ್ನು ಹಡಗಿನ ವರದಿಯ ಧಾಟಿಯಲ್ಲೇ ಹೇಳಿಬಿಡುತ್ತೇನೆ, ಹಾಗಾದರೂ ನಿನ್ನ ಕಿವಿಗೆ ಬಿದ್ದೀತು. ನಮ್ಮ ಮನೆ ಝಾರನ ಕಾಲದ ಅಧಿಕಾರಿಗಳ ಮನೆ. ಅದರ ಅಡಿಯ ಮರದ ಕಂಬಗಳು ಕಾಲುವೆಯ ನೀರು ಕುಡಿದು ಕುಡಿದು ಕೊಳೆತಿವೆ. ವಸಂತದಲ್ಲೇ ವಸತಿ ಕಚೇರಿಯವರು ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದರು. ಎಲ್ಲ ಮನೆಯವರಿಗೂ ಬೇರೆ ಬೇರೆ ಕಡೆ ಫ್ಲ್ಯಾಟು ಕೊಟ್ಟರು. ನಮಗೆ ಸಿಕ್ಕಿದ್ದು ಪೀಟರ್ಸ್‌ಬರ್ಗಿನ ಉತ್ತರದ ಅಂಚಿನಲ್ಲಿ, ಒಂಬತ್ತನೇ ಮಹಡಿ, ಎರಡು ಕೋಣೆ, ಒಂದು ಬಾಲ್ಕನಿ. ‘ನೀನು ಸಾಮಾನಿನ ಜೊತೆ ಹೋಗು ಕಾಪಾ, ನಾನು ಹಿಂದೇನೇ ಬಂದೆ’ ಎಂದೆ. ಅದು ಆಗಸ್ಟ್. ಈಗ ಅಕ್ಟೋಬರ್ ಅರ್ಧ ಕಳೆದಿದೆ. ಊರಿಗೆಲ್ಲ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ತೆರೆದಿದ್ದಾರೆ, ನಿಮ್ಮ ಮನೆಗೆ ಮಾತ್ರ ತೆರೆದಿಲ್ಲ, ತೆರೆಯುವುದೂ ಇಲ್ಲ. ಇಡೀ ಕಟ್ಟಡದಲ್ಲಿ ಉಳಿದವರು ಇಬ್ಬರೇ. ಎರಡನೇ ಮಹಡಿಯಲ್ಲಿ ನೀನು, ನಾಲ್ಕನೇ ಮಹಡಿಯಲ್ಲಿ ರೊಡಿಯೋನ್ ಗ್ಲೆಬೊವಿಚ್.

ಯಾಕೆ ಉಳಿದಿರಿ? ಕಮಾಂಡರ್ ಆದವನು ಹಡಗನ್ನು ಕೊನೆಗೆ ಬಿಡಬೇಕು, ಅದಕ್ಕೆ. ಇಬ್ಬರೂ ಎರಡನೇ ದರ್ಜೆಯ ಕಪ್ತಾನರು. ಇಬ್ಬರಿಗೂ ಆ ದರ್ಜೆ ಬಂದದ್ದು ಒಂದೇ ದಿನ, ಒಂದೇ ಆದೇಶದಲ್ಲಿ. ಯಾರು ಹಿರಿಯ ಎಂದು ತೀರ್ಮಾನಿಸಲು ಸ್ವರ್ಗದಲ್ಲಿ ನೌಕಾ ಕಚೇರಿ ಇದ್ದರೂ ಆಗದು. ‘ನೀನು ನೀರಿನ ಮೇಲಿನವ್ನು, ಮೊದ್ಲು ಇಳಿ. ನಾವು ನೀರಿನ ಕೆಳಗಿನೋರು, ಕೊನೇಗೇ ಮೇಲೆ ಬರೋದು ನಮ್ಮ ಪದ್ಧತಿ’ ಎಂದು ಜಲಾಂತರ್ಗಾಮಿಯ ಕಪ್ತಾನರಾಗಿದ್ದ ಅವರು. ‘ನಿಮ್ಮ ಹಡಗು ಮುಳುಗೋಕೇ ಅಂತ ಕಟ್ಟಿದ್ದು ಕಣಯ್ಯಾ, ಮುಳುಗ್ಬಾರದ ಮನೆ ಬಗ್ಗೆ ನಿನಗೇನು ಗೊತ್ತು’ ಎಂದು ನೀನು. ಬೆಳಿಗ್ಗೆ ಮೆಟ್ಟಿಲಲ್ಲಿ ಈ ಜಗಳ, ಸಂಜೆ ಅವರ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡು ಪಗಡೆ. ನೌಕರಿ ಮುಗಿದು ಎಷ್ಟೋ ವರ್ಷವಾಯಿತು, ನೌಕೆ ಮಾತ್ರ ಇಬ್ಬರ ತಲೆಯಿಂದ ಇಳಿದಿಲ್ಲ.

ವಸತಿ ಕಚೇರಿಯ ಝನ್ನಾ ಆರ್ತುರೊವ್ನಾ ನನ್ನನ್ನು ಕಂಡರೆ ಈಗ ಕನ್ನಡಕ ತೆಗೆದಿಟ್ಟುಬಿಡುತ್ತಾಳೆ, ಕಾಣದಿದ್ದರೆ ಇಲ್ಲ ಎಂದಾಗುತ್ತದಲ್ಲ. ನಿನ್ನನ್ನು ಒಪ್ಪಿಸಲು ಬಂದಾಗ ನೀನು ಅವಳಿಗೆ ‘ಹಡಗಿನ ಮೇಲೆ ಹೆಂಗಸರು ಬರಬಾರದು’ ಅಂದೆಯಂತೆ. ‘ಅಲ್ಲಮ್ಮಾ, ನಾನು ಬಂದಿದ್ದು ಮನೆ ಖಾಲಿ ಮಾಡ್ಸೋಕೆ. ನಿಮ್ಮ ಯಜಮಾನ್ರು ನನ್ನೇ ಖಾಲಿ ಮಾಡ್ಸಿ ಕಳಿಸಿದ್ರು’ ಎಂದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ವೇನ್ಯಾ, ಎಲ್ಲ ಹೆಂಗಸರಿಗೂ ಒಬ್ಬಳು ಅತ್ತೆ ಇರುತ್ತಾಳೆ. ನನಗೆ ಒಂದು ನೌಕಾಪಡೆಯಷ್ಟು ಮಾವಂದಿರು. ಮದುವೆಯಾದ ದಿನದಿಂದ ನಮ್ಮ ಮನೆಯ ಯಾವ ಜಗಳವೂ ಇಬ್ಬರ ನಡುವೆ ನಡೆದಿಲ್ಲ; ನಿನ್ನ ಹಿಂದೆ ಯಾವಾಗಲೂ ಯಾರಾದರೊಬ್ಬ ಅಡ್ಮಿರಲ್ ನಿಂತಿರುತ್ತಿದ್ದ. ಮಂಜು ಬೀಳುತ್ತಿದೆ, ಟೋಪಿ ಹಾಕಿಕೋ ಎಂದರೆ ನಖಿಮೊವ್ ಬಂದ. ಕೋಟೆಯ ಮೇಲೆ ಗುಂಡು ಹಾರುತ್ತಿದ್ದರೂ ಹೆಗಲ ಮೇಲಿನ ಹೊಳೆಯುವ ಪಟ್ಟಿ ತೆಗೆಯಲಿಲ್ಲವಂತೆ. ನಿಜ, ತೆಗೆಯಲಿಲ್ಲ. ಗುಂಡು ತಗುಲಿ ಸತ್ತ ಎಂಬ ಕೊನೆಯ ಪುಟವನ್ನು ಮಾತ್ರ ನೀನು ಯಾವತ್ತೂ ಓದುತ್ತಿರಲಿಲ್ಲ. ನಿನಗೆ ಬಡ್ತಿ ತಪ್ಪಿ ನಿನ್ನ ಕೈಕೆಳಗಿನವನಿಗೆ ಸಿಕ್ಕಾಗ ಸೆನ್ಯಾವಿನ್ ಬಂದು ಒಂದು ಚಳಿಗಾಲ ಪೂರ್ತಿ ನಮ್ಮ ಸೋಫಾದ ಮೇಲೆ ಮಲಗಿದ. ಗೆದ್ದು ಬಂದವನನ್ನು ಮೂಲೆಗೆ ಕೂರಿಸಿದರಂತೆ. ಆ ಚಳಿಗಾಲ ನಾನು ಏನೂ ಅನ್ನಲಿಲ್ಲ, ಅವನ ಮೇಲೆ ನನಗೂ ಕನಿಕರವಿತ್ತು. ಬೆಲ್ಲಿನ್ಸ್‌ಗೌಜೆನ್, ಲಾಜರೆವ್ ಇಬ್ಬರೂ ಸೇರಿ ಭೂಮಿಯ ತಳದಲ್ಲಿ ಯಾರೂ ಕಾಣದ ಹಿಮದ ಖಂಡ ಕಂಡರು ಎಂದು ಮಗಳಿಗೆ ಕಥೆ ಹೇಳುತ್ತಿದ್ದವನು, ಬೀರುವಿನ ಎರಡನೇ ಖಾನೆಯಲ್ಲಿ ಕಾಲುಚೀಲ ಕಾಣದೆ ನನ್ನನ್ನು ಕೂಗುತ್ತಿದ್ದೆ. ಇನ್ನು ಉಷಾಕೊವ್. ಅವನನ್ನಂತೂ ಚರ್ಚಿನವರು ಸಂತನನ್ನಾಗಿ ಮಾಡಿದ ಮೇಲೆ ನನ್ನ ಬಾಯಿಗೆ ಬೀಗ ಬಿತ್ತು. ಅಡುಗೆಮನೆಯ ಮೂಲೆಯಲ್ಲಿ ಅವನ ಪಟ, ಅದರ ಕೆಳಗೆ ನನ್ನ ಒಲೆ. ಒಂದೂ ಕಾಳಗ ಸೋಲದವನು ಎಂದು ನೀನು ಕೈಮುಗಿಯುತ್ತೀಯ. ಆತ ಮದುವೆಯನ್ನೂ ಆಗಲಿಲ್ಲ. ಈ ಎರಡು ಸಂಗತಿಗೂ ಸಂಬಂಧವಿಲ್ಲ ಎನ್ನುವ ಇತಿಹಾಸಕಾರನಿದ್ದರೆ ನನ್ನ ಮುಂದೆ ತಂದು ನಿಲ್ಲಿಸು.

ಹಾಗಂತ ಈ ಜನರನ್ನು ನಾನು ದ್ವೇಷಿಸುತ್ತೇನೆಂದು ತಿಳಿಯಬೇಡ. ನೀನು ನನಗೆ ಸಿಕ್ಕಿದ್ದೇ ಒಬ್ಬ ಅಡ್ಮಿರಲ್ಲಿನ ದೆಸೆಯಿಂದ.

ನೆನಪಿದೆಯೇ? ನಾನು ಶಿಕ್ಷಕಿಯರ ಕಾಲೇಜಿನ ಕೊನೆಯ ವರ್ಷದ ಹುಡುಗಿ, ಹಾಸ್ಟೆಲಿನಲ್ಲಿ ಹೊಲಿಗೆ ಯಂತ್ರ ಇದ್ದದ್ದು ನನ್ನೊಬ್ಬಳ ಹತ್ತಿರ. ನೀವು ನೌಕಾಶಾಲೆ ಮುಗಿಸುವ ಹುಡುಗರು. ಪದವಿ ಸಿಗುವ ಹಿಂದಿನ ದಿನ ನದಿ ದಂಡೆಯ ಕ್ರುಜೆನ್‌ಷ್ಟರ್ನ್ ಪ್ರತಿಮೆಗೆ ನಾವಿಕರ ಪಟ್ಟೆ ಬನಿಯನ್ ತೊಡಿಸುವುದು ನಿಮ್ಮ ಪದ್ಧತಿ. ಭೂಮಿ ಸುತ್ತಿ ಬಂದ ಅಡ್ಮಿರಲ್ಲಿಗೆ ಮೈಮೇಲೆ ಒಂದು ಬನಿಯನ್ ಇಲ್ಲವೆಂದರೆ ನಿಮಗೆ ಮರ್ಯಾದೆ ಕಡಿಮೆಯಂತೆ. ಗಂಟು ಹಾಕಿದ ಹಗ್ಗದಲ್ಲಿ ಕಂಚಿನ ಎದೆಯ ಅಳತೆ ತೆಗೆದುಕೊಂಡು ನೀನು ಬಂದೆ. ಹಾಸಿಗೆ ಹೊದಿಕೆಗಳನ್ನು ಹರಿದು, ನೀಲಿ ಪಟ್ಟೆ ಜೋಡಿಸಿ, ಎರಡು ತೋಳಿಟ್ಟು, ಒಬ್ಬ ದೈತ್ಯನಿಗಾಗುವಂಥ ಬನಿಯನ್ ಹೊಲಿದೆ. ನೀನು ಮಡಚಿ ಹೆಗಲಿಗೇರಿಸಿಕೊಂಡು ಹೋದವನು ಮುಖ ಇಳಿಬಿಟ್ಟುಕೊಂಡು ಹಿಂದೆ ಬಂದೆ. ಆಗ ಆಡಿದ ಮಾತು ನನಗೆ ಇನ್ನೂ ಕೇಳಿಸುತ್ತದೆ. ‘ಒಂದು ಸಣ್ಣ ತೊಂದ್ರೆ ಆಗಿದೆ. ಅವ್ರು ಕೈ ಕಟ್ಕೊಂಡು ನಿಂತಿದಾರೆ.’

ಐದು ವರ್ಷ ದಿನಾ ಆ ಪ್ರತಿಮೆಯ ಮುಂದೆ ಕವಾಯತು ಮಾಡಿದವರಿಗೆ ಅದು ಕೈಕಟ್ಟಿ ನಿಂತಿದೆ ಎಂಬುದು ಹೊಳೆದಿರಲಿಲ್ಲ. ನಾನು ಸಿಟ್ಟಿನಲ್ಲಿ ಆ ಬನಿಯನ್ನಿನ ತೋಳು ಕಿತ್ತೆ, ಬೆನ್ನು ಸೀಳಿದೆ, ಉದ್ದಕ್ಕೂ ದಾರ ಕಟ್ಟಿದೆ. ಮುಂದಿನಿಂದ ಹೊದಿಸಿ, ಬೆನ್ನ ಹಿಂದೆ ಕಟ್ಟಿಬಿಡಿ ಎಂದೆ. ಮಾರನೇ ದಿನ ಇಡೀ ಊರು ನಕ್ಕಿತು. ನೀನು ಹೂ ಹಿಡಿದು ಹಾಸ್ಟೆಲಿಗೆ ಬಂದು ಹೆಸರು ಕೇಳಿದೆ. ಕಪಿತೊಲಿನಾ ಎಂದೆ. ನಿನ್ನ ಕಣ್ಣು ಅರಳಿತು. ನನ್ನ ರೂಪಕ್ಕೆ ಅರಳಿತೆಂದು ನಾನು ತಿಳಿದೆ. ಕಪ್ತಾನನಾಗುವವನಿಗೆ ಕಪಿತೊಲಿನಾ, ಜೋಡಿ ಚೆನ್ನಾಗಿದೆ ಎಂದು ಗೆಳತಿಯರು ಅಣಕಿಸಿದರು. ನಿಜವಾದ ಕಾರಣ ಮದುವೆಯ ದಿನ ಗೊತ್ತಾಯಿತು. ನೋಂದಣಿ ಕಚೇರಿಯಿಂದ ನೇರವಾಗಿ ನನ್ನನ್ನು ಲಂಗರು ಚೌಕಕ್ಕೆ ಕರೆದುಕೊಂಡು ಹೋಗಿ, ಅಡ್ಮಿರಲ್ ಮಕಾರೊವ್ ಪ್ರತಿಮೆಯ ಮುಂದೆ ಹೂವಿಟ್ಟು, ಆ ಗಡ್ಡದ ಕಂಚಿನ ಮುದುಕನಿಗೆ ನನ್ನನ್ನು ತೋರಿಸಿದೆ. ‘ನೋಡಿ ಸ್ತೆಪಾನ್ ಒಸಿಪೊವಿಚ್, ನನಗೂ ಒಬ್ಳು ಕಪಿತೊಲಿನಾ ಸಿಕ್ಕಿದ್ಳು.’ ಮಕಾರೊವ್‌ನ ಹೆಂಡತಿಯ ಹೆಸರೂ ಅದೇ.

ಆವತ್ತು ನನಗೆ ಹೆಮ್ಮೆಯಾಗಿತ್ತು. ಆಮೇಲೆ ಎಷ್ಟೋ ವರ್ಷದ ಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ ಇದ್ದಾಗ ಹೊಳೆಯಿತು, ಆ ಹೆಂಗಸಿನ ಕಥೆ ಎಲ್ಲಿಗೆ ಮುಗಿಯಿತು ಎಂದು. ಮಂಜುಗಡ್ಡೆ ಸೀಳುವ ಹಡಗು ಮಾಡಿಸಿದ ಜಾಣ, ಸಮುದ್ರದ ಸಿಡಿಗುಂಡುಗಳ ಬಗ್ಗೆ ಪುಸ್ತಕ ಬರೆಯುವಷ್ಟು ಬಲ್ಲವನು, ಸಿಡಿಗುಂಡಿಗೇ ಸಿಕ್ಕಿ ಹಡಗಿನ ಸಮೇತ ಮುಳುಗಿದ. ಹುಡುಕಿದರೆ ಸಿಕ್ಕಿದ್ದು ಮೇಲುಕೋಟು ಒಂದೇ. ನೀವೆಲ್ಲ ಆ ಚೌಕದಲ್ಲಿ ಟೋಪಿ ತೆಗೆದು ನಿಲ್ಲುತ್ತೀರಿ. ನನಗೆ ಆ ಕೋಟಿನದೇ ಯೋಚನೆ. ಅದನ್ನು ಯಾರು ಒಣಗಿಸಿದರು, ಯಾರು ಮಡಚಿಟ್ಟರು?

ಇನ್ನು ಭಾನುವಾರಕ್ಕೆ ಬರುತ್ತೇನೆ.

ನಿಮ್ಮ ದ್ವೀಪಕ್ಕೆ ಬರುವ ಅಣೆಕಟ್ಟಿನ ರಸ್ತೆಯ ಬಸ್ಸಿನಲ್ಲಿ, ಮಡಿಲಲ್ಲಿ ಕೊಚ್ಚಿದ ಮಾಂಸ ಬೆರೆಸಿದ ನಾವಿಕರ ಮ್ಯಾಕರೋನಿಯ ಬಿಸಿ ಪಾತ್ರೆ ಇಟ್ಟುಕೊಂಡು ಬಂದೆ. ಕೊಲ್ಲಿಯಿಂದ ಪಡುವಣ ಗಾಳಿ ಬೀಸುತ್ತಿತ್ತು, ಕಾಲುವೆಯ ನೀರು ಏರಿ ಮನೆಯ ಮೊದಲ ಮೆಟ್ಟಿಲು ನೆಕ್ಕುತ್ತಿತ್ತು. ನಿನ್ನ ಕೆಮ್ಮು ನನಗೆ ಬೀದಿಯಲ್ಲೇ ಕೇಳಿಸಿತು. ಒಳಗೆ ಬಂದರೆ ನೀನು ಮೇಲುಕೋಟು ತೊಟ್ಟುಕೊಂಡು ಮೇಜಿನ ಮುಂದೆ ಕೂತಿದ್ದೀಯ. ಬಾಯಿಂದ ಹೊಗೆ ಬರುತ್ತಿದೆ, ಸಿಗರೇಟು ಬಿಟ್ಟು ಎಷ್ಟೋ ವರ್ಷವಾಗಿದೆ, ಅದು ಚಳಿಯ ಉಸಿರು. ಅದಕ್ಕೂ ನಾನು ಬೈಯಲಿಲ್ಲ. ಬಡಿಸಿದೆ. ಉಪ್ಪು ಕಡಿಮೆ ಅಂದೆ. ಅದಕ್ಕೂ ಬೈಯಲಿಲ್ಲ. ಆಮೇಲೆ ಪಾತ್ರೆ ತೆಗೆದುಕೊಂಡು ಇಳಿಯುವಾಗ ಮೆಟ್ಟಿಲ ಗೋಡೆ ನೋಡಿದೆ.

ಗೋಡೆಯ ಬಿರುಕಿನ ಮೇಲೆ ಎಂಜಿನಿಯರುಗಳು ಅಡ್ಡಡ್ಡ ಅಂಟಿಸಿಹೋದ ಜಿಪ್ಸಮ್ ಪಟ್ಟಿ. ಅದಕ್ಕೆ ನಿಮ್ಮ ನಾವಿಕರ ಹಾಗೆ ಅವರೂ ದೀಪಸ್ತಂಭ ಎಂದೇ ಕರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ಒಡೆಯುತ್ತದೆ, ಒಡೆದರೆ ಜನ ಓಡಬೇಕು, ಅಷ್ಟೇ ಅದರ ಕೆಲಸ. ನಮ್ಮ ದೀಪಸ್ತಂಭ ಒಡೆದಿರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಡೆದ ಗುರುತಿನ ಮೇಲೆ ನುಣ್ಣಗೆ ಪುಟ್ಟಿ ಮೆತ್ತಿ, ಉಜ್ಜಿ, ಬಿಳಿ ಬಣ್ಣ ಬಳಿದಿತ್ತು. ಬೆರಳಿನಿಂದ ಕೆರೆದೆ. ಒಂದರ ಕೆಳಗೆ ಇನ್ನೊಂದು ಪುಟ್ಟಿ. ಎಷ್ಟು ಸಲ ಒಡೆದಿತ್ತೋ ಅಷ್ಟು ಸಲ ನೀನು ರಿಪೇರಿ ಮಾಡಿದ್ದೆ. ಕೇಳಿದರೆ ಏನು ಹೇಳಿದೆ? ‘ದೀಪಸ್ತಂಭ ಕೆಟ್ಟು ನಿಂತಿದ್ರೆ ನೋಡ್ಕೊಂಡು ಸುಮ್ನಿರೋಕೆ ಆಗುತ್ತಾ, ಕಾಪಾ? ಕೈ ತಡೀಲಿಲ್ಲ.’

ಕೈ ತಡೆಯಲಿಲ್ಲ! ಗಂಡಸರು ಕೈ ತಡೆಯದೆ ಏನೇನೋ ಮಾಡಿದ್ದನ್ನು ಕೇಳಿದ್ದೇನೆ, ತನ್ನ ತಲೆಯ ಮೇಲೆ ಬೀಳಲಿರುವ ಗೋಡೆಯ ಬಾಯಿ ಮುಚ್ಚಿಸಿದವನನ್ನು ಕೇಳಿರಲಿಲ್ಲ. ತಿಂಗಳಿಗೊಮ್ಮೆ ಎಂಜಿನಿಯರ್ ಬರುತ್ತಾನೆ, ಪಟ್ಟಿ ಇಡಿಯಾಗಿದೆ ಎಂದು ಬರೆದುಕೊಳ್ಳುತ್ತಾನೆ, ಹೋಗುತ್ತಾನೆ. ಝನ್ನಾ ಅದನ್ನು ನೋಡಿ, ಗೋಡೆ ನಿಂತಿದೆಯಲ್ಲ, ಮುದುಕರ ಜೊತೆ ಇನ್ನೊಂದು ಸ್ವಲ್ಪ ತಾಳ್ಮೆಯಿಂದ ಇರೋಣ ಎಂದು ಸುಮ್ಮನಿರುತ್ತಾಳೆ. ದಡ ಕಾಣುವ ದೂರದಲ್ಲೇ ಇದ್ದೂ ದಡ ಸೇರದವನನ್ನು ದಡ್ಡ ಎನ್ನದೆ ಏನೆನ್ನಲಿ? ಅದನ್ನೇ ಅಂದೆ. ನೀನು ನಖಿಮೊವ್‌ನನ್ನು ಕರೆದೆ. ನಾನು ಪಾತ್ರೆ ಎಸೆದೆ. ಮ್ಯಾಕರೋನಿ ಪಾತ್ರೆ ಮೆಟ್ಟಿಲು ಮೆಟ್ಟಿಲಿಗೂ ಗಂಟೆ ಬಾರಿಸುತ್ತಾ ಕೆಳಗೆ ಹೋಯಿತು. ನೀನು ಬಾಗಿಲು ಹಾಕಿಕೊಂಡೆ.

ಆಮೇಲೆ ನಡೆದದ್ದು ನಿನಗೆ ತಿಳಿಯದು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅಳುವುದರಲ್ಲಿ ನಾನು ಅಷ್ಟೇನೂ ಗಟ್ಟಿಗಳಲ್ಲ, ನಿನಗೆ ಗೊತ್ತು, ಬಿಕ್ಕಳಿಕೆ ಬರುತ್ತದೆ. ನಾಲ್ಕನೇ ಮಹಡಿಯಿಂದ ರೊಡಿಯೋನ್ ಗ್ಲೆಬೊವಿಚ್ ಇಳಿದು ಬಂದರು. ಪಾತ್ರೆ ಎತ್ತಿ, ತಮ್ಮ ತೋಳಿನಲ್ಲೇ ಒರೆಸಿ, ಎರಡು ಮೆಟ್ಟಿಲು ಮೇಲೆ ಕೂತರು. ಆಮೇಲೆ ಗೋಡೆಗೆ ಹೇಳುವವರ ಹಾಗೆ ಹೇಳಿದರು.

‘ಕಪಿತೊಲಿನಾ ಯೂರ್ಯೆವ್ನಾ, ನಿಮ್ಮ ಗಂಡನ್ನ ಕರ್ಕೊಂಡ್ಹೋಗಿ. ಅವ್ನು ಕೊನೇಗೆ ಇಳೀಬೇಕು ಅಂತ ಕೂತಿಲ್ಲ. ಅವ್ನು ಹೋದ್ರೆ ನಾನೊಬ್ನೇ ಉಳಿದ್ಬಿಡ್ತೀನಿ ಅಂತ ಕೂತಿದಾನೆ.’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರಿಗೆ ಕೊಟ್ಟಿರುವ ಫ್ಲ್ಯಾಟು ಊರಿನ ದಕ್ಷಿಣದ ತುದಿಯಲ್ಲಂತೆ, ನಮ್ಮಿಂದ ಮೂರು ರೈಲು ಬದಲಿಸುವಷ್ಟು ದೂರ. ಒಂದೇ ಕೋಣೆ, ಹದಿನೇಳನೇ ಮಹಡಿ. ‘ಇಡೀ ಆಯುಷ್ಯ ನೀರಿನ ಕೆಳಗೆ ಇದ್ದೋನ್ನ ತಗೊಂಡ್ಹೋಗಿ ಮೋಡದಲ್ಲಿ ಇಟ್ಟಿದಾರೆ. ಆಸ್ಯಾ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ಳು’ ಎಂದರು. ಹೆಂಡತಿ ಆಸ್ಯಾ ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಅಲ್ಲಿ ತನಗೆ ಒಬ್ಬರೂ ಪರಿಚಯವಿಲ್ಲ, ಪಗಡೆಗೆ ಎದುರು ಕೂರುವವರಿಲ್ಲ, ಹೋಗುವುದೇ ಇಲ್ಲವೆಂದು ತೀರ್ಮಾನಿಸಿದ್ದೇನೆ, ವೆನಿಯಾಮಿನ್‌ಗೆ ಅದನ್ನು ಹೇಳಲು ಬಾಯಿ ಬರುತ್ತಿಲ್ಲ, ಅವನಿಗೆ ಅದು ಹೇಗೋ ಗೊತ್ತಾಗಿಬಿಟ್ಟಿದೆ, ಗೊತ್ತಾಗಿದೆ ಎಂದು ಹೇಳಲು ಅವನಿಗೂ ಬಾಯಿ ಬರುತ್ತಿಲ್ಲ. ಹಾಗಾಗಿ ಇಬ್ಬರೂ ಕಮಾಂಡರ್ ಯಾರು ಎಂದು ಜಗಳವಾಡುತ್ತಿದ್ದೇವೆ ಎಂದರು. ‘ಜಗಳಾನೇ ವಾಸಿ. ಬೇರೆ ಮಾತಾಡಿದ್ರೆ ಇಬ್ರೂ ಅತ್ತುಬಿಡ್ತೀವಿ.’

ವೇನ್ಯಾ, ನನಗೆ ಸಿಟ್ಟು ಬಂದದ್ದು ಗೋಡೆಗಲ್ಲ, ಪುಟ್ಟಿಗೂ ಅಲ್ಲ. ಇದಕ್ಕೆ. ಆಗಸ್ಟಿನಿಂದ ಇಲ್ಲಿಯವರೆಗೆ ನನ್ನ ಮುಂದೆ ಎಷ್ಟು ಅಡ್ಮಿರಲ್‌ಗಳನ್ನು ಸಾಲು ನಿಲ್ಲಿಸಿದೆ! ಉಷಾಕೊವ್ ಹೀಗೆ ಹೇಳುತ್ತಿದ್ದ, ನಖಿಮೊವ್ ಹಾಗೆ ಮಾಡುತ್ತಿದ್ದ, ಮಕಾರೊವ್ ಬಿಟ್ಟು ಬಂದನೇ? ಇಷ್ಟು ಜನ ಸತ್ತವರ ಬದಲು ಬದುಕಿರುವ ಒಬ್ಬನ ಹೆಸರು ಹೇಳಿದ್ದರೆ ಸಾಕಾಗಿತ್ತು. ‘ಕಾಪಾ, ರೊಡಿಯೋನ್ ಒಬ್ಬನೇ ಆಗುತ್ತಾನೆ.’ ಅಷ್ಟೇ ಮಾತು. ಅದನ್ನು ಕೇಳಿ ನಾನು ಏನು ಮಾಡುತ್ತಿದ್ದೆ ಎಂದುಕೊಂಡೆ? ಪಾತ್ರೆ ಎಸೆಯುತ್ತಿದ್ದೆನೇ? ಆಸ್ಯಾ ನನಗೆ ಬರೀ ಮೇಲಿನ ಮನೆಯವಳಾಗಿದ್ದಳೇ? ನಿನ್ನ ಹಡಗು ತಿಂಗಳುಗಟ್ಟಲೆ ಬಾರದಿದ್ದಾಗ, ಅವಳ ಗಂಡನ ಹಡಗು ಎಲ್ಲಿದೆಯೆಂದು ಅವಳಿಗೂ ಗೊತ್ತಿಲ್ಲದಿದ್ದಾಗ, ಒಂದೇ ಒಲೆಯ ಮೇಲೆ ಇಬ್ಬರೂ ಸೂಪು ಕಾಯಿಸಿದವರು ನಾವು. ನಿನ್ನ ಅಡ್ಮಿರಲ್‌ಗಳ ಬಗ್ಗೆ ನನಗೆ ಒಂದೇ ದೂರು, ಅವರು ಸೋಲದಿರುವುದನ್ನು ನಿನಗೆ ಕಲಿಸಿದರು, ಸಾಯುವುದನ್ನೂ ಕಲಿಸಿದರು, ಹೆಂಡತಿಗೆ ವಿಷಯ ಹೇಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಝನ್ನಾಳ ಬಾಗಿಲಲ್ಲಿದ್ದೆ. ಪುಟ್ಟಿಯ ವಿಷಯ ಹೇಳಿದೆ. ಹೌದು, ಗಂಡನ ಮೇಲೆ ಚಾಡಿ ಹೇಳಿದೆ, ಇನ್ನೊಮ್ಮೆ ಹೇಳು ಎಂದರೂ ಹೇಳುತ್ತೇನೆ. ಅವಳ ಮುಖದ ಬಣ್ಣ ಹೋಯಿತು. ಮುಂದಿನ ವಾರದ ಶುಕ್ರವಾರ ಎಂಜಿನಿಯರ್ ಮತ್ತು ನ್ಯಾಯಾಲಯದ ಜನ ಬರುತ್ತಾರೆ, ಇಳಿಯದವರನ್ನು ಕುರ್ಚಿಯ ಸಮೇತ ಹೊತ್ತು ಇಳಿಸುತ್ತಾರೆ, ನಾನು ತಡೆಯಲಾರೆ ಎಂದಳು. ಎರಡನೇ ದರ್ಜೆಯ ಇಬ್ಬರು ಕಪ್ತಾನರು ಕುರ್ಚಿಯಲ್ಲಿ ಕೂತು, ಹುಡುಗರ ಹೆಗಲ ಮೇಲೆ ಬೀದಿಗೆ ಬರುವುದನ್ನು ಕಾಲುವೆಯ ಆಚೆ ದಡದಿಂದ ಊರು ನೋಡುವುದನ್ನು ನಾನು ಯೋಚಿಸಿದೆ. ನಿನ್ನ ಎದೆ ಅದನ್ನು ತಾಳುವುದಿಲ್ಲ. ಕೆಮ್ಮಿನ ಮಾತಲ್ಲ ನಾನು ಹೇಳುತ್ತಿರುವುದು.

ಆಗ ಎರಡನೇ ವಿಷಯಕ್ಕೆ ಬಂದೆ. ನಮ್ಮ ಹೊಸ ಕಟ್ಟಡದಲ್ಲಿ, ನಮ್ಮದೇ ಮೆಟ್ಟಿಲಲ್ಲಿ, ನೆಲಮಹಡಿಯ ಒಂದು ಕೋಣೆಯ ಮನೆ ಖಾಲಿ ಬಿದ್ದಿದೆ. ಅದರ ಕಿಟಕಿ ಅರ್ಧ ನೆಲದ ಕೆಳಗೆ. ಹಾದುಹೋಗುವವರ ಬೂಟು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನೋಡಿದವರೆಲ್ಲ ಬೇಡವೆಂದು ಹೋಗಿದ್ದಾರೆ. ಝನ್ನಾ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು. ‘ಆ ನೆಲಮಾಳಿಗೇನ ಯಾರು ತಗೋತಾರಮ್ಮಾ?’ ನಾನಂದೆ, ‘ಇಡೀ ಆಯುಷ್ಯ ಪೆರಿಸ್ಕೋಪಿನಲ್ಲಿ ಜಗತ್ತು ನೋಡಿದೋರು ಒಬ್ರು ಇದಾರೆ.’ ಅವಳು ಆವತ್ತು ಮೊದಲ ಸಲ ನಕ್ಕಳು. ಮಂಗಳವಾರ ಒಮ್ಮೆ, ಬುಧವಾರ ಎರಡು ಸಲ ಅವಳ ಮುಂದೆ ಕೂತೆ. ಈವತ್ತು ಕೀಲಿ ಕೈಗೆ ಬಂದಿದೆ. ಈ ಕಾಗದ ಬರೆಯುತ್ತಿರುವ ಮೇಜಿನ ಮೇಲೇ ಇದೆ. ಕೈ ಕಟ್ಟಿ ನಿಂತ ಗಂಡಸಿಗೆ ಅಂಗಿ ತೊಡಿಸಬೇಕಾದರೆ ಬೆನ್ನ ಹಿಂದೆಯೇ ಕೆಲಸ ಮಾಡಬೇಕು ಎಂಬುದನ್ನು ನಾನು ಹಾಸ್ಟೆಲಿನಲ್ಲೇ ಕಲಿತವಳು.

ಇನ್ನು ಉಳಿದದ್ದು ನಿಮ್ಮ ಮಾನದ ಪ್ರಶ್ನೆ, ಯಾರು ಕೊನೆಗೆ ಇಳಿಯಬೇಕೆಂಬುದು. ಅದಕ್ಕೆ ನಾನು ಸಾಸಿವೆ ಬಟ್ಟಲಿನ ಯುದ್ಧಕ್ಕೆ ಹೋಗಬೇಕಾಯಿತು. ಆ ದಿನ ಮೇಜಿನ ಮೇಲೆ ಉಪ್ಪಿನ ಡಬ್ಬಿ ಯಾರಾಗಿತ್ತು, ನೆನಪು ಮಾಡಿಕೋ. ಅಡ್ಮಿರಲ್ ಸ್ಪಿರಿದೊವ್. ಚೆಸ್ಮಾಕ್ಕೆ ಮೊದಲು ಕಿಯೋಸ್ ದ್ವೀಪದ ಬಳಿ ಅವನ ಹಡಗು ತುರ್ಕರ ಹಡಗಿಗೆ ತೊಡರಿಕೊಂಡು ಬೆಂಕಿ ಹೊತ್ತಿತು. ಸ್ಪಿರಿದೊವ್ ಇಳಿದುಹೋದ. ಹಡಗಿನ ಕಪ್ತಾನ ಉಳಿದ, ಹಡಗು ಸಿಡಿದಾಗ ನೀರಿಗೆ ಬಿದ್ದು ಹಾಯಿಕಂಬದ ತುಂಡು ಹಿಡಿದು ಬದುಕಿದ. ಬೀಗರು ‘ಹಾಗಾದ್ರೆ ನಿಮ್ಮ ಅಡ್ಮಿರಲ್ಲು ಓಡಿಹೋದ ಅನ್ನಿ’ ಎಂದದ್ದಕ್ಕೆ ನೀನು ಎದ್ದು ನಿಂತು, ಇಡೀ ಮದುವೆಮನೆಗೆ ಕೇಳುವಂತೆ ಹೇಳಿದ್ದು ನನಗೆ ಬಾಯಿಪಾಠ. ‘ಓಡಿ ಹೋಗೋದಲ್ರೀ ಅದು! ಕಮಾಂಡರ್ ಹಡಗಿನೋನು, ಅದಕ್ಕೆ ಕೊನೇಗೆ ಇಳೀತಾನೆ. ಅಡ್ಮಿರಲ್ ಹಡಗಿನೋನಲ್ಲ, ಇಡೀ ಪಡೆಯೋನು. ಹಡಗು ಹೋಗುತ್ತೆ ಅಂದಾಗ ಅವ್ನು ತನ್ನ ಬಾವುಟ ಇನ್ನೊಂದು ಹಡಗಿಗೆ ಒಯ್ಯಲೇಬೇಕು. ಅದು ನಿಯಮ.’

ಹಾಗಾಗಿ, ವೆನಿಯಾಮಿನ್ ಲುಕಿಚ್, ಸರ್ಕಾರ ಕೊಡದಿದ್ದುದನ್ನು ನಾನು ಕೊಡುತ್ತಿದ್ದೇನೆ. ಆ ಚಳಿಗಾಲ ಸೆನ್ಯಾವಿನ್ ಮಲಗಿದ್ದ ಸೋಫಾದ ಮೇಲೆ ಕೂತು, ಪೂರ್ಣ ಪ್ರಜ್ಞೆಯಿಂದ, ನಿನ್ನನ್ನು ಅಡ್ಮಿರಲ್ ಆಗಿ ನೇಮಿಸಿದ್ದೇನೆ. ಈ ದರ್ಜೆಗೆ ಪಿಂಚಣಿ ಹೆಚ್ಚುವುದಿಲ್ಲ, ಕೆಲಸ ಹೆಚ್ಚುತ್ತದೆ. ಇಲ್ಲಿ ಪರದೆಯ ಸರಳು ಹಾಕುವವರಿಲ್ಲ, ಅಡುಗೆಮನೆಯ ನಲ್ಲಿ ಸೋರುತ್ತಿದೆ, ಉಷಾಕೊವ್ ಪಟಕ್ಕೆ ಮೊಳೆ ಹೊಡೆಯಬೇಕು. ರೊಡಿಯೋನ್ ಗ್ಲೆಬೊವಿಚ್‌ಗೆ ಬೇರೆಯೇ ಒಂದು ಚೀಟಿ ಕಳಿಸಿದ್ದೇನೆ. ಅದರಲ್ಲಿ ಬರೆದದ್ದು ಇಷ್ಟೇ, ಮನೆಯ ಕಮಾಂಡರ್ ನೀವೇ, ಕೊನೆಗೆ ಇಳಿಯುವವರೂ ನೀವೇ, ಇಳಿಯುವಾಗ ಬೀಗ ಹಾಕಿ ಬನ್ನಿ, ನೆಲಮಹಡಿಯಲ್ಲಿ ನಿಮ್ಮ ಪೆರಿಸ್ಕೋಪು ಕಾಯುತ್ತಿದೆ. ಅವರು ನಿನ್ನ ಹಿಂದೆ ಹದಿನೈದು ಮೆಟ್ಟಿಲು ತಡವಾಗಿ ಬೀದಿಗೆ ಬಂದರೆ ಇಬ್ಬರ ಮಾನವೂ ಉಳಿಯಿತು. ಇಲ್ಲಿಗೆ ಬಂದ ಮೇಲೆ ಯಾರು ಯಾರ ಮನೆಗೆ ಪಗಡೆಗೆ ಹೋಗಬೇಕೆಂದು ಜಗಳವಾಡಿಕೊಳ್ಳಿ, ನಾನು ನಡುವೆ ಬರುವುದಿಲ್ಲ.

ವ್ಯಾನು ಹೇಳಿದ್ದೇನೆ. ಅಪಶಕುನವೆಂದು ಶುಕ್ರವಾರ ನಾವಿಕರು ಹೊರಡುವುದಿಲ್ಲ ಎಂಬುದು ನನಗೂ ಗೊತ್ತು, ನ್ಯಾಯಾಲಯದವರಿಗೆ ಗೊತ್ತಿಲ್ಲ. ಹಾಗಾಗಿ ಹಿಂದಿನ ದಿನ, ಮುಂದಿನ ಗುರುವಾರ ಮಧ್ಯಾಹ್ನವೇ ಬರುತ್ತೇನೆ. ಒಳಗೆ ಕಾಲಿಡುವುದಿಲ್ಲ, ಹಡಗಿನ ಮೇಲೆ ಹೆಂಗಸರು ಬರಬಾರದಲ್ಲ. ಬೀದಿಯಲ್ಲಿ ನಿಲ್ಲುತ್ತೇನೆ. ನೀನು ಇಳಿದು ಬಂದರೆ ಬಂದೆ. ಬಾರದಿದ್ದರೆ ನಾನು ಅಲ್ಲೇ, ಆ ಗಾಳಿಯಲ್ಲಿ, ಗೋಡೆಯ ಬುಡದಲ್ಲೇ ನಿಂತಿರುತ್ತೇನೆ. ಬಿದ್ದರೆ ಇಬ್ಬರ ಮೇಲೂ ಬೀಳಲಿ. ಇದು ಬೆದರಿಕೆಯೇ. ಸತ್ತ ಗಂಡನ ಕೋಟು ಮಡಚಿಡಲು ನಾನು ಆ ಇನ್ನೊಬ್ಬಳು ಕಪಿತೊಲಿನಾ ಅಲ್ಲ.

ಒಂದು ವಿಷಯ ಮಾತ್ರ ನಿನಗೆ ಹೇಳದೆ ಮಾಡಿಬಿಟ್ಟಿದ್ದೇನೆ. ಭಾನುವಾರ ಬರುವಾಗ ನಿನ್ನ ಹಳೆಯ ಪಟ್ಟೆ ಬನಿಯನ್ ತೊಳೆಯಲೆಂದು ಚೀಲಕ್ಕೆ ಹಾಕಿಕೊಂಡಿದ್ದೆ. ತೊಳೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದ್ದೇನೆ. ಒಣಗಿ ಮೂರು ದಿನವಾಯಿತು. ಮಳೆ ಬಂತು, ನೆನೆಯಿತು, ಮತ್ತೆ ಒಣಗಿತು. ಪಕ್ಕದ ಬಾಲ್ಕನಿಯ ಹೆಂಗಸು ನಿನ್ನೆ ಕೇಳಿದಳು, ‘ಅಲ್ರೀ, ಅದನ್ನ ಒಳಗೆ ತಗೊಳ್ಳಲ್ವಾ?’ ಇಲ್ಲ ಎಂದೆ. ಅಡ್ಮಿರಲ್ ಹಡಗು ಹತ್ತುವವರೆಗೆ ಅವನ ಬಾವುಟ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವಳು ನನ್ನನ್ನು ಹುಚ್ಚಿ ಎಂದುಕೊಂಡಳು. ಇರಲಿ. ಒಂಬತ್ತನೇ ಮಹಡಿಯ ಗಾಳಿಗೆ ಅದು ತೋಳು ಚಾಚಿ ಹಾರುತ್ತಿದೆ, ವೇನ್ಯಾ, ಕೈ ಕಟ್ಟಿಕೊಂಡಿಲ್ಲ.

ಸ್ಪಿರಿದೊವ್ ಉರಿಯುವ ಹಡಗಿನಿಂದ ಮೊದಲು ಹತ್ತಿದ ಸಣ್ಣ ದೋಣಿಯ ಹೆಸರು ಏನೆಂದು ನೀನೇ ಮಗಳಿಗೆ ಹೇಳಿ ನಗಿಸುತ್ತಿದ್ದೆ. ‘ಅಂಚೆಯವ.’ ನಿನ್ನ ಅಂಚೆಯವ ಈಗ ನಿನ್ನ ಕೈಯಲ್ಲಿದ್ದಾನೆ. ಹತ್ತು.

ಹೊರಡುವ ಮುಂಚೆ ಆ ದೀಪಸ್ತಂಭಕ್ಕೆ ಮತ್ತೆ ಕೈ ಹಚ್ಚಬೇಡ. ಒಡೆದೇ ಇರಲಿ.

ನಾವಿಕರ ಮಾತಿನಂತೆ ನಿನ್ನ ಅಡಿಯಲ್ಲಿ ಯಾವಾಗಲೂ ಏಳಡಿ ನೀರಿರಲಿ, ನಿನ್ನ ತಲೆಯ ಮೇಲೆ ಯಾವಾಗಲೂ ಗಟ್ಟಿ ಸೂರಿರಲಿ ಎಂದು ಹರಸುತ್ತಾ,

ಬೀದಿಯಲ್ಲಿ, ಟೋಪಿ ಹಾಕಿಕೊಂಡು, ಕಾಯುತ್ತಿರುವ
ನಿನ್ನ ಕಾಪಾ